ಹೂವಿನ ಸಮೀಪಚಿತ್ರ ಮತ್ತು ಹೆಸರಿನ ನೆಲೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜಾನಪದದಲ್ಲಿ ಹೂವು ಕೇವಲ ಅಲಂಕಾರದ ವಸ್ತುವಲ್ಲ. ಅದು ಸಂಬಂಧದ ಕುರುಹು. ಬಿಳಿಗಿರಿರಂಗನು ವರಿಸಿದ ಸೋಲಿಗರ ಹೆಣ್ಣಿನ ಹೆಸರೇ ಕುಸುಮಾಲೆ. ಆ ನಂಟಿನಿಂದಲೇ ಸೋಲಿಗರು ದೇವರನ್ನು 'ಭಾವ' ಎನ್ನುತ್ತಾರೆ. ದೇವರ ಬಲಗಡೆಯಿಂದ ಹೂ ಜಾರಿದರೆ ಅಪ್ಪಣೆಯಾಯಿತೆಂದು ತಿಳಿಯುವ ಒಕ್ಕಲುಗಳಿಗೆ ಹೂವು ಮಾತೂ ಹೌದು.

ಇದೇ ಬೆಟ್ಟಗಳಿಗೆ ಡಿಜಿಟಲ್ ಕ್ಯಾಮರಾ ಹಿಡಿದು ಬರುವ ಪ್ರವಾಸಿಗರು ಕಾಡುಹೂಗಳ ಸಮೀಪಚಿತ್ರಗಳ ದೊಡ್ಡ ರಾಶಿಯನ್ನೇ ಕೂಡಿಸಿದ್ದಾರೆ. ಜಾನಪದ ವಿದ್ವಾಂಸರು ಇದನ್ನು ಹವ್ಯಾಸವೆಂದು ಬದಿಗಿರಿಸಿರುವುದು ಸರಿಯಲ್ಲ. ಈ ಚಿತ್ರಗಳು ಏನನ್ನು ತೋರುತ್ತವೆ, ಏನನ್ನು ಮರೆಮಾಚುತ್ತವೆ ಎಂಬುದು ವಿಮರ್ಶೆಗೆ ತಕ್ಕ ಪ್ರಶ್ನೆ.

ಮ್ಯಾಕ್ರೋ ಮಸೂರವು ಹೂವನ್ನು ಅದರ ನಿಜಗಾತ್ರದಲ್ಲಿಯೇ ಬಿಂಬಫಲಕದ ಮೇಲೆ ಮೂಡಿಸಬಲ್ಲದು. ಆಗ ಸ್ಫುಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರು. ಉಳಿದುದೆಲ್ಲ ಬಣ್ಣದ ಮಂಜು. ಗೌರಿಹೂವಿನ ಚಿತ್ರವನ್ನೇ ನೋಡಬಹುದು. ಹಿಂದಕ್ಕೆ ಬಾಗಿದ ಅಲೆಯಂಚಿನ ಎಸಳು, ಹಳದಿಯಿಂದ ಕೆಂಪಿಗೆ ತಿರುಗುವ ಬಣ್ಣ, ಪಕ್ಕಕ್ಕೆ ಮುರಿದಂತೆ ಚಾಚಿದ ಶಲಾಕೆ ಎಲ್ಲವೂ ಅಲ್ಲಿವೆ. ಆದರೆ ಬೇಲಿಯನ್ನು ಹಿಡಿದೇರಲು ಆ ಬಳ್ಳಿಗೆ ನೆರವಾಗುವ, ಎಲೆಯ ತುದಿಯೇ ಕುಡಿಯಾಗಿ ಸುರುಳಿಗೊಂಡ ರಚನೆ ಚೌಕಟ್ಟಿನ ಹೊರಗುಳಿಯುತ್ತದೆ. ಗೆಡ್ಡೆಯ ವಿಷವಾಗಲಿ, ಭಾದ್ರಪದದ ಗೌರಿಪೂಜೆಯಾಗಲಿ ಆ ಚಿತ್ರದಲ್ಲಿಲ್ಲ.

ಇನ್ನೊಂದು ತೊಡಕು ದಾರಿಯದು. ಹುಲಿ ಸಂರಕ್ಷಿತ ಪ್ರದೇಶದ ರಸ್ತೆಯಲ್ಲಿ ವಾಹನದಿಂದಿಳಿದು ಕಾಡು ಹೊಗುವಂತಿಲ್ಲ. ಹೀಗಾಗಿ ಪ್ರವಾಸಿಯ ಕಣ್ಣಿಗೆ ಸಿಗುವುದು ರಸ್ತೆಯಂಚಿನ ಗಿಡ, ಬಹುಮಟ್ಟಿಗೆ ಲಾಂಟಾನ. ಅಮೆರಿಕದ ಉಷ್ಣವಲಯದಿಂದ ಬಂದ ಈ ಪೊದೆ 'ಬಿಳಿಗಿರಿಯ ಕಾಡುಹೂ' ಎಂಬ ಶೀರ್ಷಿಕೆಯಡಿ ಸೇರಿಹೋಗುವುದು ವಿಪರ್ಯಾಸವೇ ಸರಿ. ಒಂದೇ ಗೊಂಚಲಿನಲ್ಲಿ ಹೊಸ ಹೂ ಹಳದಿ, ಹಳೆಯದು ಕೆಂಪು ಎಂಬುದನ್ನು ಸಮೀಪಚಿತ್ರ ಸೊಗಸಾಗಿ ತೋರುತ್ತದೆ. ಅದರ ಅಡಿಯಲ್ಲಿ ಯಾವ ಗಿಡ ಅಳಿಯಿತೆಂಬುದನ್ನು ತೋರದು. ಅದನ್ನು ಸೋಲಿಗರ ನೆನಪು ಹೇಳುತ್ತದೆ: ಬೇಸಗೆಯ ಮೊದಲಿಗೆ ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಾಂಟಾನ ಹಬ್ಬಿತು ಎಂಬುದು ಅವರ ವಾದ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ದೊರೆತ ಬಳಿಕ ಈ ತಿಳಿವಳಿಕೆಗೆ ಹೆಚ್ಚಿನ ತೂಕ ಸಲ್ಲಬೇಕಾಗಿದೆ.

ಆದರೆ ದೋಷವೆಲ್ಲ ಕ್ಯಾಮರಾದ್ದಲ್ಲ. ಮಾದಪ್ಪನ ಕಾವ್ಯ, ಮಂಟೇಸ್ವಾಮಿ ಕಾವ್ಯಗಳ ನಾಡಿನಲ್ಲಿ ದಶಕಗಳಿಂದ ಸಂಗ್ರಹಕಾರ್ಯ ನಡೆದಿದೆ. ಪಾಠಾಂತರಗಳ ಬಗ್ಗೆ ಕಟ್ಟೆಚ್ಚರ ವಹಿಸುವ ಜಾನಪದ ಸಂಪಾದಕರು, ಸಸ್ಯನಾಮ ಬಂದೊಡನೆ ಪದಕೋಶದಲ್ಲಿ 'ಒಂದು ಬಗೆಯ ಹೂ' ಎಂದು ಬರೆದು ಮುಂದೆ ಸಾಗುವುದುಂಟು. ಇದು ಅರ್ಥವಲ್ಲ, ಅರ್ಥದ ನಿರಾಕರಣೆ. ಶಿವನಿಗೆ ಪ್ರಿಯವೆನ್ನುವ ತುಂಬೆಯನ್ನು ತೆಗೆದುಕೊಂಡರೆ, ಆ ಹೆಸರಿನಡಿ ಹಲವು ಪ್ರಭೇದಗಳಿವೆ. ಹೂವನ್ನು ಹೊತ್ತ ಪುಷ್ಪಪಾತ್ರೆಯ ಬಾಯಿ ಓರೆಯೋ ನೇರವೋ, ಅದರ ಹಲ್ಲುಗಳು ಹೇಗಿವೆ ಎಂಬುದರಿಂದ ಅವನ್ನು ಬೇರ್ಪಡಿಸಬೇಕು. ಬರಿಗಣ್ಣಿಗೆ ಇದು ಕಷ್ಟ, ಸಮೀಪಚಿತ್ರಕ್ಕೆ ಸುಲಭ. ಬಿಳಿಯ ತುಟಿಯನ್ನಷ್ಟೇ ಎದುರಿನಿಂದ ತೆಗೆಯದೆ ಪಕ್ಕದಿಂದಲೂ ಒಂದು ಚಿತ್ರ ತೆಗೆದಿರಬೇಕು, ಅಷ್ಟೆ. ಅಂಥ ಚಿತ್ರದ ಜತೆಗೆ ಇಡೀ ಗಿಡದ, ಅದು ಬೆಳೆದ ನೆಲದ ಚಿತ್ರಗಳೂ, ಹೆಸರು ಹೇಳಿದವರ ಮಾತಿನ ಧ್ವನಿಮುದ್ರಣವೂ ಸೇರಿದರೆ ಮಾತ್ರ ಅದು ಜಾನಪದಕ್ಕೆ ಆಕರವಾಗುತ್ತದೆ. ಹೆಸರು ಬಲ್ಲ ಹಿರಿಯರ ತಲೆಮಾರು ತೆರಳುತ್ತಿರುವುದರಿಂದ ಈ ಕೆಲಸ ಮುಂದೂಡುವಂಥದಲ್ಲ.

ಮಸೂರ ಎಟುಕದ ಹೂಗಳೂ ಇವೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಸೋಲಿಗರ ಪೂಜಾಸ್ಥಾನ. ಅದರ ಹೂ ಅರಳುವುದು ನೆಲದಿಂದ ಬಹು ಎತ್ತರದಲ್ಲಿ. ಜನ ಅದನ್ನು ಹತ್ತಿರದಿಂದ ಕಾಣುವುದು ಬುಡದ ಲಿಂಗಗಳ ನಡುವೆ ಉದುರಿದ ಮೇಲೆಯೇ.