ಧರ್ಮಾಭಾಸವೂ ನಗೆಯೂ: ‘ಸಂಸ್ಕಾರ’ ಚಲಚ್ಚಿತ್ರದ ಪುನರವಲೋಕನ

ಹಾಸ್ಯವೆಂದರೆ ನಗಿಸುವುದೆಂದೂ ವಿಡಂಬನವೆಂದರೆ ಹಳಿಯುವುದೆಂದೂ ಸಾಮಾನ್ಯವಾದ ಎಣಿಕೆ. ಈ ಎಣಿಕೆಯಿಂದ ನೋಡಿದವರಿಗೆ ‘ಸಂಸ್ಕಾರ’ವೆಂಬ ಚಲಚ್ಚಿತ್ರವು ಎರಡು ಬಗೆಯಾಗಿ ಕಂಡಿದೆ. ಕೆಲವರು ಅದನ್ನು ಬ್ರಾಹ್ಮಣ್ಯದ ನಿಂದೆಯೆಂದು ತಿಳಿದು ನೊಂದುಕೊಂಡರು. ಮತ್ತೆ ಕೆಲವರು ಅದೇ ಕಾರಣದಿಂದಲೇ ಅದನ್ನು ಕೊಂಡಾಡಿದರು. ನೊಂದವರೂ ಕೊಂಡಾಡಿದವರೂ ಚಿತ್ರದ ವಾದವನ್ನು ಕಂಡರೇ ಹೊರತು ಅದರೊಳಗಿನ ನಗೆಯನ್ನು ಅಷ್ಟಾಗಿ ಗಮನಿಸಲಿಲ್ಲ. 1970ರಲ್ಲಿ ಹೊರಬಂದ ಈ ಚಿತ್ರಕ್ಕೆ ಈಗ ಅರ್ಧಶತಮಾನಕ್ಕೆ ಮೀರಿದ ವಯಸ್ಸು. ಆ ಕಾಲದ ವಾಗ್ವಾದವು ಬಹುಮಟ್ಟಿಗೆ ತಣ್ಣಗಾಗಿರುವ ಈಗ, ಅದನ್ನು ಪ್ರಹಸನದ ಕಣ್ಣಿನಿಂದ ಮತ್ತೊಮ್ಮೆ ನೋಡುವುದು ಅನುಚಿತವಾಗಲಾರದು.

ಚಿತ್ರಕ್ಕೆ ಮೂಲವಾದ ಯು. ಆರ್. ಅನಂತಮೂರ್ತಿಯವರ ಕಾದಂಬರಿಯು 1965ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವ್ಯಾಸಂಗಮಾಡುತ್ತಿದ್ದಾಗ ಅವರು ಬರೆದ ಈ ಕೃತಿಯು ಅರುವತ್ತರ ದಶಕದ ನವ್ಯಸಾಹಿತ್ಯದ ಮುಖ್ಯ ಫಲಗಳಲ್ಲೊಂದು. ಅದನ್ನು ತೆರೆಗೆ ತಂದವರು ತೆಲುಗಿನ ಕವಿಗಳಾಗಿ ಹೆಸರಾಗಿದ್ದ ಪಟ್ಟಾಭಿರಾಮರೆಡ್ಡಿಯವರು. ಚಿತ್ರಕಥೆಯನ್ನು ರಚಿಸಿ ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದವರು ಗಿರೀಶ ಕಾರ್ನಾಡರು. ನಾರಣಪ್ಪನ ಪಾತ್ರ ಪಿ. ಲಂಕೇಶರದು, ಚಂದ್ರಿಯ ಪಾತ್ರ ಸ್ನೇಹಲತಾ ರೆಡ್ಡಿಯವರದು. ಸಂಗೀತವು ಸರೋದ್ ವಾದಕ ರಾಜೀವ ತಾರಾನಾಥರದು, ಕಲಾನಿರ್ದೇಶನವು ಚಿತ್ರಕಾರ ಎಸ್. ಜಿ. ವಾಸುದೇವರದು, ಛಾಯಾಗ್ರಹಣವು ಆಸ್ಟ್ರೇಲಿಯದ ಟಾಮ್ ಕೋವನ್ನರದು. ಮದ್ರಾಸಿನ ಸೆನ್ಸಾರ್ ಮಂಡಳಿಯು ಚಿತ್ರಕ್ಕೆ ಅನುಮತಿಯನ್ನು ನಿರಾಕರಿಸಿತು. ಕೇಂದ್ರ ಸರ್ಕಾರವು ಆ ತಡೆಯನ್ನು ತೆಗೆದ ಮೇಲೆ ಅದು ಜನರ ಮುಂದೆ ಬಂದಿತು. ಅತ್ಯುತ್ತಮ ಕಥಾಚಿತ್ರವೆಂಬ ಆ ವರ್ಷದ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಸಂದಿತು. ಕನ್ನಡಕ್ಕೆ ಆ ಗೌರವವು ದೊರೆತುದು ಅದೇ ಮೊದಲು.

ಈ ಹೆಸರುಗಳನ್ನು ಇಂದು ಒಟ್ಟಾಗಿ ಓದುವವರಿಗೆ ಇದೊಂದು ನಕ್ಷತ್ರಮಂಡಲದಂತೆ ತೋರುವುದು ಸಹಜ. ಅನಂತಮೂರ್ತಿಯವರಿಗೆ 1994ರ, ಕಾರ್ನಾಡರಿಗೆ 1998ರ ಜ್ಞಾನಪೀಠ ಪ್ರಶಸ್ತಿಗಳು ಬಂದುವು. ಲಂಕೇಶರು ತಮ್ಮ ಹೆಸರಿನ ಪತ್ರಿಕೆಯಿಂದ ನಾಡಿನ ರಾಜಕಾರಣವನ್ನೇ ಕೆಣಕಿದರು. ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವನ್ನು ಅನುಭವಿಸಿ, 1977ರ ಜನವರಿಯಲ್ಲಿ ತೀರಿಕೊಂಡರು. ಆದರೆ 1970ರಲ್ಲಿ ಇವರಾರೂ ಚಿತ್ರಮಂದಿರಕ್ಕೆ ಜನರನ್ನು ಎಳೆದು ತರಬಲ್ಲ ತಾರೆಗಳಾಗಿರಲಿಲ್ಲ. ಇದು ವಿಡಂಬನಕ್ಕೆ ಉಪಕಾರವೇ ಆಯಿತು. ಪ್ರಸಿದ್ಧನಾದ ನಟನು ತನ್ನ ಘನತೆಯನ್ನೂ ಪಾತ್ರದೊಡನೆ ಹೊತ್ತು ತರುತ್ತಾನೆ. ಅವನು ಕ್ಷುದ್ರನಾಗಿ ಅಭಿನಯಿಸಿದರೂ ಪ್ರೇಕ್ಷಕನು ಅವನನ್ನು ಕ್ಷುದ್ರನೆಂದು ನಂಬುವುದಿಲ್ಲ. ಇಲ್ಲಿಯ ಅಗ್ರಹಾರದ ಮುಖಗಳೋ ಬಣ್ಣವಿಲ್ಲದ ಮುಖಗಳು. ಸಮಾರಾಧನೆಯ ಪಂಕ್ತಿಯಲ್ಲಿ ಎದುರಿಗೆ ಕುಳಿತವರ ಮುಖಗಳಂತಿವೆ.

ಕಥೆಯ ಬೀಜವು ಪ್ರಹಸನದ ಬೀಜವೇ. ದೂರ್ವಾಸಪುರವೆಂಬ ಮಾಧ್ವರ ಅಗ್ರಹಾರದಲ್ಲಿ ನಾರಣಪ್ಪನು ಜ್ವರದಿಂದ ಸತ್ತಿದ್ದಾನೆ. ಆಚಾರವನ್ನು ತೊರೆದು, ಮದ್ಯಮಾಂಸಗಳನ್ನು ಸೇವಿಸುತ್ತ, ಚಂದ್ರಿಯೊಡನೆ ಬಾಳಿದವನು ಅವನು. ಆದರೂ ಅವನಿಗೆ ಬಹಿಷ್ಕಾರವಾಗಿರಲಿಲ್ಲ. ಮಕ್ಕಳಿಲ್ಲದ ಅವನಿಗೆ ಸಂಸ್ಕಾರಮಾಡತಕ್ಕವರು ಯಾರು? ಶವವು ಏಳುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ನೆಂಟರಾದ ಗರುಡಾಚಾರ್ಯರೂ ಲಕ್ಷ್ಮಣಾಚಾರ್ಯರೂ ತಮಗೆ ಆ ಭಾರ ಬೇಡವೆಂದು ಒಬ್ಬರ ಮೇಲೊಬ್ಬರು ಹೊರಿಸುತ್ತಾರೆ. ಅಷ್ಟರಲ್ಲಿ ಚಂದ್ರಿಯು ತನ್ನ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ, ಸಂಸ್ಕಾರದ ಖರ್ಚಿಗಾಗಲಿ ಎಂದು ಆಚಾರ್ಯರ ಮುಂದೆ ಇಡುತ್ತಾಳೆ. ಒಡನೆಯೇ ಬೇಡವಾಗಿದ್ದ ಶವವು ಎಲ್ಲರಿಗೂ ಬೇಕಾಗಿಬಿಡುತ್ತದೆ. ಕ್ಷಣದ ಹಿಂದೆ ಅಧಿಕಾರವಿಲ್ಲವೆಂದವರು ಈಗ ಅಧಿಕಾರವನ್ನು ಹುಡುಕಿಕೊಂಡು ಬರುತ್ತಾರೆ. ಹಸಿವನ್ನು ತಾಳಲಾರದ ದಾಸಾಚಾರ್ಯರು ಪಾರಿಜಾತಪುರದ ಸ್ಮಾರ್ತರ ಮನೆಯಲ್ಲಿ, ಯಾರಿಗೂ ಹೇಳಬೇಡಿರೆಂದು ಕೇಳಿಕೊಂಡು, ಹೊಟ್ಟೆ ತುಂಬಿಕೊಳ್ಳುತ್ತಾರೆ. ಶವ, ಹಸಿವು, ಚಿನ್ನ ಈ ಮೂರೇ ವಸ್ತುಗಳಿಂದ ಇಷ್ಟು ನಗೆಯನ್ನು ಹುಟ್ಟಿಸಿದ ಚಿತ್ರಗಳು ಕನ್ನಡದಲ್ಲಿ ವಿರಳ.

ಈ ನಗೆಯ ಸ್ವರೂಪವನ್ನು ತಿಳಿಯಲು ನಮ್ಮ ಆಲಂಕಾರಿಕರ ಮಾತೊಂದು ನೆರವಾಗುತ್ತದೆ. ಒಂದು ರಸವು ನಿಜವಾಗಿ ಇಲ್ಲದೆ, ಇರುವಂತೆ ತೋರಿಕೊಂಡರೆ ಅದು ರಸಾಭಾಸ. ಆಭಾಸವಾದುದೆಲ್ಲವೂ ಹಾಸ್ಯಕ್ಕೆ ಕಾರಣವಾಗಬಲ್ಲುದೆಂದು ಅಭಿನವಗುಪ್ತನು ವಿವರಿಸಿದ್ದಾನೆ. ಶೃಂಗಾರದ ಸೋಗನ್ನು ಕಂಡರೆ ಹೇಗೆ ನಗೆ ಬರುವುದೋ ಶೋಕದ ಸೋಗನ್ನು ಕಂಡರೂ ಹಾಗೆಯೇ. ಈ ಮಾತನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರೆ, ಧರ್ಮದ ಆಭಾಸವನ್ನು ಕಂಡಾಗಲೂ ನಗೆಯೇ ಹುಟ್ಟಬೇಕು. ‘ಸಂಸ್ಕಾರ’ವು ನಗುವುದು ಧರ್ಮವನ್ನು ನೋಡಿಯಲ್ಲ, ಧರ್ಮಾಭಾಸವನ್ನು ನೋಡಿ. ಈ ವಿವೇಕವನ್ನು ಬಿಟ್ಟವರಿಗೆ ಚಿತ್ರವು ನಿಂದೆಯಾಗಿ ಕಾಣುವುದು.

ಈ ನಗೆಯು ಪರದೇಶದಿಂದ ಬಂದುದೂ ಅಲ್ಲ. ಏಳನೆಯ ಶತಮಾನದ ಪಲ್ಲವರಾಜ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಕಾಪಾಲಿಕನು ತನ್ನ ಕಪಾಲವನ್ನು ಕಳೆದುಕೊಂಡು, ಅದನ್ನು ಕದ್ದವನೆಂದು ಬೌದ್ಧಭಿಕ್ಷುವನ್ನು ಹಿಡಿದುಕೊಳ್ಳುತ್ತಾನೆ, ಕಪಾಲವೋ ನಾಯಿಯ ಪಾಲಾಗಿತ್ತು. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಲಂಚಕೋರರಾದ ಕಾಯಸ್ಥರನ್ನೂ ಕಪಟಗುರುಗಳನ್ನೂ ಬಿಡದೆ ಗೇಲಿಮಾಡಿದನು. ಇವರಿಬ್ಬರೂ ಪರಂಪರೆಯೊಳಗೇ ಇದ್ದವರು. ತನ್ನ ಮನೆಯ ಕಸವನ್ನು ಗುಡಿಸುವವನು ಮನೆಯ ವೈರಿಯಾಗುವುದಿಲ್ಲ.

ಇಲ್ಲಿ ಶಾಸ್ತ್ರವನ್ನು ಬಲ್ಲವರು ಎತ್ತಬಹುದಾದ ಆಕ್ಷೇಪವೊಂದುಂಟು. ಅನಾಥಪ್ರೇತಕ್ಕೆ ಸಂಸ್ಕಾರಮಾಡುವುದು ಮಹಾಪುಣ್ಯಕರವೆಂದು ಪರಂಪರೆಯು ಹೇಳುತ್ತ ಬಂದಿದೆ. ಆಪತ್ಕಾಲಕ್ಕೆ ಆಪದ್ಧರ್ಮವಿದೆ, ತಪ್ಪು ನಡೆದರೆ ಪ್ರಾಯಶ್ಚಿತ್ತವಿದೆ. ವೇದಾಂತಶಿರೋಮಣಿಗಳೆನಿಸಿದ ಪ್ರಾಣೇಶಾಚಾರ್ಯರಿಗೆ ಇಷ್ಟು ತಿಳಿಯಲಿಲ್ಲವೆಂದರೆ ನಂಬುವುದು ಹೇಗೆ? ಕಥೆಯ ಸಮಸ್ಯೆಯೇ ಕೃತಕವಲ್ಲವೆ? ಆಕ್ಷೇಪವು ಬಲವಾದುದೇ. ಆದರೆ ವಿಚಾರಮಾಡಿ ನೋಡಿದರೆ ಚಿತ್ರದ ತಿರುಳು ಇಲ್ಲಿಯೇ ಇದೆ. ಉತ್ತರವು ದುರ್ಲಭವಾದುದರಿಂದ ಆಚಾರ್ಯರು ಓಲೆಗರಿಗಳನ್ನು ತಿರುವುತ್ತಿಲ್ಲ. ಉತ್ತರವನ್ನು ತಾವೇ ಹೇಳುವ ಹೊಣೆಯಿಂದ ತಪ್ಪಿಸಿಕೊಳ್ಳಲು ತಿರುವುತ್ತಿದ್ದಾರೆ. ಗ್ರಂಥದಲ್ಲಿ ದೊರೆಯದಾಗ ಮಾರುತಿಯ ಗುಡಿಗೆ ಹೋಗಿ ಪ್ರಸಾದವನ್ನು ಕೇಳುತ್ತಾರೆ. ದೇವರ ಮೇಲಿನ ಹೂವು ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಅಗ್ರಹಾರದವರು ತಮ್ಮ ಹೊಣೆಯನ್ನು ಆಚಾರ್ಯರ ಮೇಲೆ ಹಾಕಿದರು. ಆಚಾರ್ಯರು ಗ್ರಂಥದ ಮೇಲೆ ಹಾಕಿದರು. ಗ್ರಂಥವು ಸುಮ್ಮನಾದಾಗ ದೇವರ ಮೇಲೆ ಹಾಕಿದರು. ಅತ್ತ ಶವವು ಕೊಳೆಯುತ್ತಿತ್ತು. ವಿದ್ಯೆಯು ಕರ್ತವ್ಯಕ್ಕೆ ದಾರಿತೋರದೆ ಮರೆಯಾಗಿ ನಿಂತರೆ ಆಗುವ ಗತಿ ಇದು. ವಿದ್ಯಾವಂತರಾದ ಪ್ರೇಕ್ಷಕರ ನಗೆಯು ಈ ಸ್ಥಳದಲ್ಲಿ ಗಂಟಲಿನಲ್ಲಿಯೇ ನಿಲ್ಲುತ್ತದೆ.

ಕೊನೆಗೆ ಶವವನ್ನು ದಹಿಸಿದವರಾರು? ಯಾವ ಅಧಿಕಾರವೂ ಇಲ್ಲದ ಚಂದ್ರಿಯು ರಾತ್ರಿಯಲ್ಲಿ, ಒಬ್ಬ ಮುಸಲ್ಮಾನನ ನೆರವಿನಿಂದ, ಯಾರಿಗೂ ಹೇಳದೆ ಆ ಕೆಲಸವನ್ನು ಮುಗಿಸುತ್ತಾಳೆ. ಅಗ್ರಹಾರದ ಚರ್ಚೆಯು ಅದನ್ನರಿಯದೆ ಮುಂದುವರಿಯುತ್ತಲೇ ಇರುತ್ತದೆ. ವಸ್ತುವೇ ಇಲ್ಲದ ವಿವಾದಕ್ಕಿಂತ ಹೆಚ್ಚಿನ ಪ್ರಹಸನವಾವುದು? ‘ಮತ್ತವಿಲಾಸ’ದ ಕಪಾಲದಂತೆ ಇಲ್ಲಿಯ ಶವವೂ ವಾದಿಗಳ ಕೈಯಿಂದ ಎಂದೋ ಜಾರಿಹೋಗಿದೆ.

ಚಿತ್ರಗ್ರಹಣವು ನಡೆದುದು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ. ದೇವರಮನೆಯ ಕಾಲಭೈರವನ ಸನ್ನಿಧಿಯಿಂದ ಕಳಸದವರೆಗಿನ ಮಲೆಯಲ್ಲಿ ಬಾಳುವವರಿಗೆ ಆ ಸೀಮೆಯು ನೆರೆಮನೆಯಿದ್ದಂತೆ. ಹೊರಗಿನವರು ಇಲ್ಲಿಯ ಬೆಟ್ಟ, ಮಂಜು, ಕಾಫಿತೋಟಗಳನ್ನು ನೋಡಲು ಬರುತ್ತಾರೆ. ಚಲಚ್ಚಿತ್ರದವರಿಗೂ ಮಲೆನಾಡೆಂದರೆ ಬಹುಮಟ್ಟಿಗೆ ಹಾಡಿನ ಹಿನ್ನೆಲೆ. ಈ ಕಪ್ಪುಬಿಳುಪಿನ ಚಿತ್ರವು ಅಂತಹ ಅಲಂಕಾರವನ್ನು ಬಯಸಲಿಲ್ಲ. ಜಗಲಿ, ಹೆಬ್ಬಾಗಿಲು, ನಡುಮನೆಯ ಕತ್ತಲೆಗಳನ್ನು ಅದು ಇದ್ದಂತೆಯೇ ತೋರಿತು. ಆದುದರಿಂದಲೇ ಈ ಸೀಮೆಯ ಪ್ರೇಕ್ಷಕನು ಅಲ್ಲಿಯವರನ್ನು ವಿಚಿತ್ರಪ್ರಾಣಿಗಳೆಂದು ನೋಡಲಾರನು, ಬಲ್ಲವರೆಂದು ನೋಡುತ್ತಾನೆ.

ಪೂರ್ವಾರ್ಧದ ನಗೆಯು ಉತ್ತರಾರ್ಧದಲ್ಲಿ ಉಳಿಯುವುದಿಲ್ಲ. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ಭರತನು ಹೇಳಿದ್ದಾನೆ. ಸತ್ತು ಬೀಳುವ ಇಲಿಗಳೂ ಹರಡುವ ಪ್ಲೇಗೂ ಆ ಕ್ರಮವನ್ನೇ ಅನುಸರಿಸುತ್ತವೆ. ಚಂದ್ರಿಯೊಡನೆ ಕೂಡಿದ ಮೇಲೆ ಆಚಾರ್ಯರು ಪರರಿಗೆ ತೀರ್ಪುಕೊಡುವ ಸ್ಥಾನದಿಂದ ಇಳಿದು, ತಮ್ಮನ್ನೇ ವಿಚಾರಣೆಗೆ ಗುರಿಮಾಡಿಕೊಳ್ಳುತ್ತಾರೆ. ಈ ತಿರುವು ಉಚಿತವಾದುದೇ; ಆದರೆ ಚಿತ್ರದ ಬಿಗಿಯು ಸಡಿಲವಾಗುವುದೂ ಇಲ್ಲಿಯೇ. ಕಾದಂಬರಿಯಲ್ಲಿ ಈ ಭಾಗವು ಆಚಾರ್ಯರ ಒಳಮಾತಿನಿಂದ ಜೀವಿಸುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಮುಖವೊಂದೇ. ಕಾರ್ನಾಡರ ಮುಖವು ಸಂಯಮದಿಂದ ಕೂಡಿದ್ದರೂ ಆ ಒಳಮಾತಿನ ಭಾರವನ್ನೆಲ್ಲ ಹೊರಲಾರದು.

ಇನ್ನೊಂದು ಕೊರತೆಯು ಇದಕ್ಕಿಂತ ದೊಡ್ಡದು. ವಿಡಂಬನದ ಬೆಳಕು ಎಲ್ಲರ ಮೇಲೂ ಬೀಳಬೇಕು. ಇಲ್ಲಿ ಅಗ್ರಹಾರದ ಗೃಹಿಣಿಯರು ಚಿನ್ನದಾಸೆಯವರಾಗಿ ಮಾತ್ರ ಕಾಣುತ್ತಾರೆ. ಚಂದ್ರಿಯೋ ದೋಷವೇ ಇಲ್ಲದ ಪ್ರತಿಮೆಯಾಗಿ ನಿಲ್ಲುತ್ತಾಳೆ. ಒಬ್ಬರಿಗೆ ಗೌರವವಿಲ್ಲ, ಇನ್ನೊಬ್ಬಳಿಗೆ ದೌರ್ಬಲ್ಯವಿಲ್ಲ. ಎರಡು ಕಡೆಯೂ ಮನುಷ್ಯತ್ವಕ್ಕೆ ಲೋಪವೇ. ಹೊಲೆಯರ ಕೇರಿಯ ಮಾತೂ ಹೀಗೆಯೇ. ಕಾದಂಬರಿಯಲ್ಲಿ ಅಲ್ಲಿ ಸತ್ತವರನ್ನು ಗುಡಿಸಲಿನೊಡನೆ ಸುಟ್ಟುಬಿಡುತ್ತಾರೆ. ಅವರ ಸಂಸ್ಕಾರಕ್ಕಾಗಿ ಯಾರೂ ಗ್ರಂಥವನ್ನು ಬಿಚ್ಚುವುದಿಲ್ಲ. ಒಂದು ಶವಕ್ಕಾಗಿ ಶಾಸ್ತ್ರವೆಲ್ಲ ತಲೆಕೆಳಗಾಗುತ್ತಿರುವಾಗ ಉಳಿದ ಶವಗಳು ಸದ್ದಿಲ್ಲದೆ ಬೂದಿಯಾಗುವ ಈ ವೈಷಮ್ಯವು ಕಥೆಯಲ್ಲಿಯ ಅತ್ಯಂತ ಕಠೋರವಾದ ವ್ಯಂಗ್ಯ. ಅದು ಮೂಲದಲ್ಲಿಯೂ ಬದಿಗೆ ಸರಿದಂತಿದೆ. ಚಿತ್ರದ ನಡುವಿಗೆ ಬರಲೇ ಇಲ್ಲ.

ಈ ದೋಷಗಳಿದ್ದರೂ ಚಿತ್ರವು ಹಳೆಯದಾಗಿಲ್ಲ. ಅಗ್ರಹಾರಗಳು ಬಹುಮಟ್ಟಿಗೆ ಚದುರಿಹೋಗಿವೆ. ಅಂದಿನ ಮಡಿಯೂ ಇಂದು ಅಪರೂಪ. ಮಕ್ಕಳು ದೂರದ ನಗರಗಳನ್ನೂ ದೇಶಗಳನ್ನೂ ಸೇರಿರುವ ಮಲೆನಾಡಿನ ಒಂಟಿಮನೆಗಳಲ್ಲಿ ಮಾತ್ರ, ಹೋದವರಿಗೆ ಹೆಗಲು ಕೊಡುವವರಾರೆಂಬ ಪ್ರಶ್ನೆಯು ಬೇರೊಂದು ರೂಪದಲ್ಲಿ ಉಳಿದಿದೆ. ಅಧಿಕಾರ ಯಾರದೆಂದು ವಿಚಾರಿಸುವವರು ಇಂದಿಗೂ ಉಂಟು. ಸೌದೆಯನ್ನು ಹೊತ್ತು ತರುವವರು ಅಂದಿನಂತೆ ಇಂದೂ ಕೆಲವರೇ. ‘ಸಂಸ್ಕಾರ’ವನ್ನು ಹಿಂದೆ ನೋಡಿ ಕೋಪಗೊಂಡಿದ್ದ ಮನೆಗಳವರು ಈಗ ಅದನ್ನು ಮತ್ತೊಮ್ಮೆ ನೋಡಿದರೆ ಒಳಿತು. ಮೊದಲು ನಗೆ ಬರುವುದು, ಬಂದರೆ ತಡೆಯಬೇಕಾಗಿಲ್ಲ.