ಕಟ್ಟಳೆ ಹಿಡಿದು ನೋಡುವ ಸಿನಿಮಾ

ಗೊತ್ತಿರುವ ಕಥೆಗಾಗಿ ಇರುಳಿಡೀ ಕೂರುವುದು ಕಟಕೋಳ, ರಾಮದುರ್ಗ, ಸವದತ್ತಿ ಸೀಮೆಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಆಟ ಶುರುವಾಗುವ ಮೊದಲೇ ಇದು ಮಕ್ಕಳಿಗೂ ಗೊತ್ತು. ಆದರೂ ಜನ ಏಳುವುದಿಲ್ಲ, ಆ ಮುನಿಸನ್ನು ಆಟ ನಡೆಸುವ ಭಾಗವತ ಹೇಗೆ ಕೆಣಕುತ್ತಾನೆ ಎಂಬುದೇ ಅವರಿಗೆ ಮುಖ್ಯ. ಮನೆಯ ಟಿವಿಯಲ್ಲಿ ಕಾಲಪಯಣದ ಹೊಡೆದಾಟದ ಸಿನಿಮಾ ನೋಡುವವರಿಗೆ ಬೇಕಾದ ಬಂಡವಾಳವೂ ಇಷ್ಟೇ. ನಾಯಕ ಗೆಲ್ಲುತ್ತಾನೆ, ಅದು ಖಾತ್ರಿ. ಯಾವ ಕಟ್ಟಳೆಗೆ ಒಳಪಟ್ಟು ಗೆಲ್ಲುತ್ತಾನೆ ಎಂಬುದನ್ನು ನೋಡಬೇಕು.

ಪೀಟರ್ ಹಯಾಮ್ಸ್ ನಿರ್ದೇಶನದ, ವ್ಯಾನ್ ಡ್ಯಾಮ್ ನಟಿಸಿದ 1994ರ ‘ಟೈಮ್‌ಕಾಪ್’ ಇದನ್ನು ಕಲಿಯಲು ಒಳ್ಳೆಯ ಮಾದರಿ. ಸಾಧಾರಣ ಚಿತ್ರ, ಆದರೆ ಪ್ರಾಮಾಣಿಕವಾದದ್ದು. 2004ರ ಪೊಲೀಸ ಹಿಂದಕ್ಕೆ ಹೋಗಬಲ್ಲ, ಮುಂದಕ್ಕಲ್ಲ. ಒಬ್ಬನೇ ಮನುಷ್ಯನ ಎರಡು ಕಾಲದ ಮೈಗಳು ಒಂದನ್ನೊಂದು ಮುಟ್ಟಕೂಡದು. ಈ ಮಾತು ಮೊದಲೇ ಕಿವಿಗೆ ಬಿದ್ದಿರುತ್ತದೆ. ಕೊನೆಯ ಕಾಳಗದಲ್ಲಿ ಖಳನ ಎರಡೂ ಮೈಗಳನ್ನು ತಗಲಿಸಿದಾಗ ಅವು ಕರಗಿಹೋಗುತ್ತವೆ. ಒದೆತಕ್ಕಿಂತ ಆ ಹಳೆಯ ಮಾತೇ ಅವನನ್ನು ಕೊಂದದ್ದು. ವಿಕ್ರಮ್ ಕುಮಾರ್ ಅವರ ‘24’ (2016) ಕೈಗಡಿಯಾರಕ್ಕೆ ಇಪ್ಪತ್ನಾಲ್ಕೇ ಗಂಟೆಯ ಮಿತಿ ಹಾಕಿ ಕಥೆಗೆ ಬಿಗಿ ತಂದಿತು. ಕನ್ನಡದ ‘ಬ್ಲಿಂಕ್’ (2024) ಕಾಲಪಯಣವನ್ನು ಕಣ್ಣಿನ ಮಿಟುಕಿಗೆ ಕಟ್ಟಿತು. ಮಿತಿಯೇ ಇಲ್ಲದ ಯಂತ್ರ ಯಾವ ಅಪಾಯವನ್ನಾದರೂ ಅಳಿಸಬಲ್ಲದು, ಆಗ ನೋಡುವವರಿಗೆ ಹೆದರಲು ಏನೂ ಉಳಿಯುವುದಿಲ್ಲ.

ತರ್ಕ ಸೋರುತ್ತದಲ್ಲ ಎನ್ನುವವರಿದ್ದಾರೆ. ನಿಜ. ‘ಟೈಮ್‌ಕಾಪ್’ನಲ್ಲಿ ಹಳಿಯ ಮೇಲೆ ಹೊರಡುವ ವಾಹನ ಹಿಂದಿನ ಕಾಲ ತಲುಪುವಾಗ ಮಾಯ, ಮರಳುವಾಗ ಮತ್ತೆ ಹಾಜರು. ಆದರೆ ಈ ತೂತಿನಿಂದ ಯಾರಿಗೂ ಗೆಲುವು ದಕ್ಕುವುದಿಲ್ಲ, ಅದನ್ನು ಬಿಟ್ಟುಬಿಡಬಹುದು. ನಾಯಕನ ಗೆಲುವಿಗಾಗಿ ಕಟ್ಟಳೆಯನ್ನೇ ಸಡಿಲಿಸಿದರೆ ಮಾತ್ರ ಕ್ಷಮಿಸಬಾರದು. ಕಟ್ಟಳೆ ಹುಡುಕಲು ರಿಮೋಟ್ ಒತ್ತಿ ಒತ್ತಿ ನಿಲ್ಲಿಸಿ ನೋಡಿದರೆ ರಭಸ ಸಾಯುತ್ತದೆ ಎಂಬ ಆಕ್ಷೇಪವೂ ಸರಿಯೇ. ಆದ್ದರಿಂದ ಮೊದಲ ಸಲ ಮುಟ್ಟದೆ ನೋಡಿ, ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಮಹಾಕೃತಿ ತನ್ನ ಹೊಲಿಗೆಯನ್ನು ಮರೆಸುತ್ತದೆ. ಸಾಧಾರಣ ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ, ಕಲಿಯುವ ಕಣ್ಣಿಗೆ ಅದೇ ಉಪಕಾರ.

ಹಾಗಾದರೆ ‘ಟೈಮ್‌ಕಾಪ್’ ಸಾಧಾರಣವಾಗಿಯೇ ಉಳಿದದ್ದೇಕೆ? ಭಾಗವತ ಪುರಾಣದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮನ ಬಳಿ ಹೋಗಿ, ಅಲ್ಲಿನ ಹಾಡು ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೆಲ್ಲ ಇಲ್ಲವಾಗಿದ್ದರು. ಪುರಾಣ ಆ ನಷ್ಟವನ್ನು ಹಿಂದಕ್ಕೆ ತಿರುಗಿಸಲಿಲ್ಲ. ‘ಟೈಮ್‌ಕಾಪ್’ನ ನಾಯಕ ಮನೆಗೆ ಮರಳಿದಾಗ ಸತ್ತಿದ್ದ ಹೆಂಡತಿ ಬದುಕಿದ್ದಾಳೆ, ಜೊತೆಗೆ ಮಗನೂ ಇದ್ದಾನೆ. ಚಿತ್ರ ಅಪ್ಪುಗೆಯಲ್ಲಿ ಮುಗಿಯುತ್ತದೆ. ಎರಡನೆಯ ಸಲ ನೋಡುವಾಗ ಅಲ್ಲಿ ನಿಲ್ಲಿಸಿ ಅವನ ಮುಖ ನೋಡಿ: ಆ ಹುಡುಗ ಬೆಳೆದ ಒಂದು ದಿನವೂ ಅವನ ನೆನಪಿನಲ್ಲಿಲ್ಲ.