ಡಗ್ಲಸನ ಒಂದು ವಾಕ್ಯದ ತಾತ್ಪರ್ಯವಿಚಾರ

ವಾಕ್ಯವೊಂದನ್ನು ಪ್ರಮಾಣವಾಗಿ ಉದಾಹರಿಸುವವನು ಅದರ ಪೂರ್ವಾಪರಗಳಿಗೂ ಬದ್ಧನಾಗಿರತಕ್ಕದ್ದೆಂಬುದು ಮೀಮಾಂಸಕರ ಮತ. ಅಮೆರಿಕದಲ್ಲಿ ಜನಾಂಗಸಮತೆಯನ್ನು ಕುರಿತು ನಡೆದ ವಾದದಲ್ಲಿಯೂ ಈ ನಿಯಮವು ಎಷ್ಟು ಆವಶ್ಯಕವೆಂಬುದು ಫ್ರೆಡರಿಕ್ ಡಗ್ಲಸನ ಒಂದು ಭಾಷಣದಿಂದ ವಿಶದವಾಗುವುದು.

ದಾಸ್ಯದಲ್ಲಿ ಹುಟ್ಟಿ, 1838ರಲ್ಲಿ ಅದರಿಂದ ತಪ್ಪಿಸಿಕೊಂಡು, ವಾಗ್ಮಿಯೆಂದು ಪ್ರಖ್ಯಾತನಾದ ಡಗ್ಲಸನು 1865ರಲ್ಲಿ ಬಾಸ್ಟನ್ ನಗರದ ದಾಸ್ಯವಿರೋಧಿಗಳ ಸಭೆಯಲ್ಲಿ, ಕೃಷ್ಣವರ್ಣೀಯನು ಬಯಸುವುದೇನೆಂಬ ವಿಷಯವಾಗಿ ಮಾತನಾಡಿದನು. ನಮಗೆ ಏನನ್ನೂ ಮಾಡಬೇಡಿರಿ, ನಮ್ಮ ಕಾಲ ಮೇಲೆ ನಿಲ್ಲಲು ಅವಕಾಶವನ್ನು ಮಾತ್ರ ಕೊಡಿರಿ ಎಂಬುದು ಅದರ ಪ್ರಸಿದ್ಧ ಭಾಗದ ಸಾರ. ಮಿಚಿಗನ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ವಿದ್ಯಾಲಯವು ವಿದ್ಯಾರ್ಥಿಗಳನ್ನು ಆರಿಸುವಾಗ ಜನಾಂಗವನ್ನೂ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟು 2003ರಲ್ಲಿ 5–4 ಮತಗಳಿಂದ ತೀರ್ಮಾನಿಸಿದಾಗ, ಸ್ವತಃ ಕೃಷ್ಣವರ್ಣೀಯರಾದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸರು ತಮ್ಮ ಭಿನ್ನಮತವನ್ನು ಈ ವಾಕ್ಯಗಳಿಂದಲೇ ಆರಂಭಿಸಿದರು. ಇಂಥ ಪ್ರಾಶಸ್ತ್ಯವೂ ಡಗ್ಲಸನು ಬೇಡವೆಂದ ಹಸ್ತಕ್ಷೇಪವೇ ಎಂಬುದು ಅವರ ಪಕ್ಷ. 2023ರಲ್ಲಿ ಹಾರ್ವರ್ಡ್ ಮತ್ತು ಉತ್ತರ ಕೆರೊಲಿನ ವಿಶ್ವವಿದ್ಯಾನಿಲಯಗಳ ಮೊಕದ್ದಮೆಯಲ್ಲಿ ನ್ಯಾಯಾಲಯವು ಅವರ ಪಕ್ಷವನ್ನೇ ಎತ್ತಿಹಿಡಿಯಿತು. ಆದರೆ ಗ್ರಂಥದ ಅರ್ಥವು ಮತಗಳ ಎಣಿಕೆಯಿಂದ ನಿರ್ಣೀತವಾಗುವುದಲ್ಲ.

ಪೂರ್ವಪಕ್ಷವು ನಿರಾಧಾರವಾದುದಲ್ಲ. ಕೃಷ್ಣವರ್ಣೀಯನಿಗೆ ಊರೆಗೋಲು ಕೊಡುವ ಯತ್ನವನ್ನೂ, ಕರುಣೆಯನ್ನೂ ಡಗ್ಲಸನು ಸ್ಪಷ್ಟವಾಗಿ ತಿರಸ್ಕರಿಸಿರುವನು. ಆದರೆ ಉದಾಹರಣೆಯಲ್ಲಿ ಚುಕ್ಕಿಗಳನ್ನಿಟ್ಟು ಬಿಟ್ಟಿರುವ ಭಾಗವು ವಿಚಾರಾರ್ಹವಾದುದು. ಶಾಲೆಗೆ ಹೋಗುವವನನ್ನು, ಭೋಜನಗೃಹಕ್ಕೆ ಹೋಗುವವನನ್ನು, ಮತ ನೀಡಲು ಹೋಗುವವನನ್ನು ತಡೆಯಬೇಡಿರೆಂದು ಅಲ್ಲಿ ಹೇಳಿದೆ. ಹಾನಿಕರವೆಂದು ನಿಂದಿತವಾದ ಹಸ್ತಕ್ಷೇಪವು ಮೊದಲು ಈ ತಡೆಯೇ. ಚುಕ್ಕಿಗಳ ಮರೆಯಲ್ಲಿ ಈ ವಿಷಯವು ಲುಪ್ತವಾದ ಮೇಲೆ ನಿಷೇಧವು ಸರ್ವಸಾಮಾನ್ಯವೆಂಬಂತೆ ತೋರುತ್ತದೆ.

ಉಪಕ್ರಮೋಪಸಂಹಾರಗಳನ್ನು ನೋಡಿದರೂ ಇದೇ ಅರ್ಥವು ದೃಢವಾಗುವುದು. ಸೇನಾಧಿಪತಿ ಬ್ಯಾಂಕ್ಸನು ಲೂಯಿಸಿಯಾನದಲ್ಲಿ ವಿಮುಕ್ತದಾಸರ ದುಡಿಮೆಯ ಕರಾರುಗಳನ್ನು ಸೈನ್ಯಾಜ್ಞೆಯಿಂದ ಗೊತ್ತುಪಡಿಸಿದ್ದನು. ಭಾಷಣದ ಆರಂಭಭಾಗವು ಆ ನೀತಿಯನ್ನು ಖಂಡಿಸಿ, ತನ್ನ ಉದ್ಯೋಗವನ್ನು ತಾನೇ ಆರಿಸಿಕೊಳ್ಳುವುದು ಸ್ವಾತಂತ್ರ್ಯವೆಂದು ನಿರೂಪಿಸಿ, ಎಲ್ಲ ಸಂಸ್ಥಾನಗಳಲ್ಲಿಯೂ ಕೃಷ್ಣವರ್ಣೀಯರಿಗೆ ಒಡನೆಯೇ ಮತದಾನದ ಹಕ್ಕನ್ನು ಕೇಳುತ್ತದೆ. ಕೊನೆಯಲ್ಲಿ ಕಟ್ಟಿದ ಕೈಗಳನ್ನು ಬಿಚ್ಚಬೇಕೆಂಬ ಪ್ರಾರ್ಥನೆಯಿದೆ. ಕಟ್ಟನ್ನು ಬಿಚ್ಚುವುದೂ ಒಂದು ಕ್ರಿಯೆಯೇ ಹೊರತು ಕ್ರಿಯಾಭಾವವಲ್ಲ.

ಕಾರಕದೃಷ್ಟಿಯಿಂದ ವಿಷಯವು ಇನ್ನೂ ಸ್ಫುಟವಾಗುವುದು. ಇವರಿಗೆ ನಾವೇನು ಮಾಡೋಣವೆಂಬುದು ಶ್ವೇತವರ್ಣೀಯರ ಪ್ರಶ್ನೆಯಾಗಿತ್ತು. ಅದರಲ್ಲಿ ಅವರೇ ಕರ್ತೃಗಳು. ಕೃಷ್ಣವರ್ಣೀಯರು ಕ್ರಿಯೆಗೆ ಪಾತ್ರರಾದವರು ಮಾತ್ರ. ಪಾಣಿನಿಯ ಲಕ್ಷಣದಂತೆ ಸ್ವತಂತ್ರನಾದವನೇ ಕರ್ತೃ. ಡಗ್ಲಸನು ಅಲ್ಲಗಳೆದುದು ಸಹಾಯಮಾತ್ರವನ್ನಲ್ಲ, ಆ ಪ್ರಶ್ನೆಯ ವಾಕ್ಯರಚನೆಯನ್ನೇ. ಮತದಾನದ ಹಕ್ಕು ಆ ಕರ್ತೃತ್ವಕ್ಕೆ ಸಾಧನ.

ಸಮಾನ ಪ್ರವೇಶವನ್ನು ವಿಧಿಸಿದ್ದ 1875ರ ಪೌರಹಕ್ಕುಗಳ ಶಾಸನದ ಮುಖ್ಯಭಾಗವನ್ನು 1883ರಲ್ಲಿ ಸುಪ್ರೀಂ ಕೋರ್ಟು ಅಸಿಂಧುವೆಂದಾಗ, ಡಗ್ಲಸನು ವಾಷಿಂಗ್ಟನ್ನಿನ ಸಭೆಯಲ್ಲಿ ಅದನ್ನು ಪ್ರತಿಭಟಿಸಿದನು. ರಾಜ್ಯವು ಸುಮ್ಮನಿರಬೇಕೆಂಬುದೇ ಅವನ ಸಿದ್ಧಾಂತವಾಗಿದ್ದರೆ ಈ ಪ್ರತಿಭಟನೆಯು ಅಸಂಗತವಾಗುತ್ತಿತ್ತು.

ಹಾಗೆಂದು, ವಿದ್ಯಾಲಯಗಳ ಪ್ರಾಶಸ್ತ್ಯಕ್ಕೆ ಈ ಭಾಷಣವು ಸಮ್ಮತಿ ಕೊಡುವುದೆಂದು ಹೇಳುವುದೂ ಅತಿವ್ಯಾಪ್ತಿಯೇ. ಆ ವಿಷಯವು ಅಲ್ಲಿ ಪ್ರಸ್ತುತವೇ ಅಲ್ಲ. ಪ್ರಾಶಸ್ತ್ಯವು ಯುಕ್ತವೋ ಅಯುಕ್ತವೋ ಎಂಬುದನ್ನು ಉಭಯಪಕ್ಷದವರೂ ಸ್ವಂತ ಯುಕ್ತಿಗಳಿಂದ ಸಾಧಿಸತಕ್ಕದ್ದು. ತನ್ನ ಜನರು ತಮ್ಮ ಮಾತನ್ನು ತಾವೇ ಆಡುವಂತಾಗಲೆಂದು ಹೋರಾಡಿದವನ ಮಾತನ್ನು ಅರ್ಧಕ್ಕೆ ತುಂಡರಿಸಿ ಸಾಕ್ಷಿಯಾಗಿ ನಿಲ್ಲಿಸುವುದು, ಅವನಿಗೆ ಸಲ್ಲಬೇಕಾದ ಕರ್ತೃತ್ವವನ್ನು ಮತ್ತೊಮ್ಮೆ ಕಸಿದುಕೊಂಡಂತೆ.